ಮುಯ್ಯಾಳೋ, ಬಿಟ್ಟಿಯೋ?

ತಿಂಗಳ ಕೊನೆಯ ಶನಿವಾರ ರುವಾಂಡದ ಮುಸಾಂಜೆಗೆ ಬಂದಿಳಿದರೆ ಬೆಳಿಗ್ಗೆ ಎಂಟರ ಮೇಲೆ ಒಂದು ಲೋಟ ಚಹಾ ಹುಟ್ಟುವುದೂ ಕಷ್ಟ. ಅಂಗಡಿಗಳ ಬಾಗಿಲು ಹಾಕಿರುತ್ತದೆ, ಬಾಡಿಗೆ ಬೈಕಿನವರು ಕಣ್ಣಿಗೆ ಬೀಳುವುದಿಲ್ಲ, ಕಾರು ತೆಗೆದವರನ್ನು ಪೊಲೀಸರು ನಿಲ್ಲಿಸಿ ಕೇಳುತ್ತಾರೆ. ಊರೆಲ್ಲ ಗುದ್ದಲಿ ಹಿಡಿದು ಚರಂಡಿಗೆ ಇಳಿದಿರುತ್ತದೆ.

ವಿರುಂಗಾ ಜ್ವಾಲಾಮುಖಿಗಳ ಬುಡದ ಈ ಪಟ್ಟಣಕ್ಕೆ 2006ರವರೆಗೆ ರುಹೆಂಗೇರಿ ಎಂದು ಹೆಸರು. ಗೊರಿಲ್ಲಾ ನೋಡಲು ಬರುವವರ ದುಡ್ಡಿನಿಂದ ಹೋಟೆಲುಗಳು ಎದ್ದಿವೆ, ಆಲೂಗಡ್ಡೆ ಹೊಲಗಳ ಕಡೆಗೆ ಮನೆಗಳು ಹಬ್ಬುತ್ತಿವೆ. ಆದರೆ ಮಳೆ ಜೋರಾದರೆ ಬೆಟ್ಟದ ನೀರು ಕಪ್ಪು ಮಣ್ಣನ್ನೂ ಕಲ್ಲನ್ನೂ ಹೊತ್ತು ಕೆಳಗೆ ನುಗ್ಗುತ್ತದೆ. ಕಾಲುವೆ ತೋಡುವುದು, ಹೂಳೆತ್ತುವುದು, ಗಿಡ ನೆಡುವುದು, ನಿರ್ಗತಿಕರಿಗೆ ಮನೆ ಕಟ್ಟಲು ಕೈಜೋಡಿಸುವುದು: ಇವೆಲ್ಲ ಸೇರಿ ಉಮುಗಾಂಡ.

2007ರ ಕಾನೂನಿನ ಪ್ರಕಾರ 18ರಿಂದ 65 ವರ್ಷದೊಳಗಿನ, ಮೈಯಲ್ಲಿ ಕಸುವಿರುವ ಎಲ್ಲರೂ ಮೂರು ಗಂಟೆ ದುಡಿಯಬೇಕು. ಕಾರಣವಿಲ್ಲದೆ ತಪ್ಪಿಸಿಕೊಂಡರೆ 5000 ಫ್ರಾಂಕ್‌ವರೆಗೆ ದಂಡ. ಕೆಲಸ ಹಂಚುವುದು ಉಮುದುಗುಡು, ಅಂದರೆ ನೂರು ನೂರೈವತ್ತು ಮನೆಗಳ ಕೇರಿ; ಸರ್ಕಾರದ ಏಣಿಯ ಕೊನೆಯ ಮೆಟ್ಟಿಲು. ಅದರ ಮುಖ್ಯಸ್ಥರನ್ನು ಆರಿಸುವ ಬಗೆ ನೋಡಿ: ಅಭ್ಯರ್ಥಿಗಳು ಬಯಲಲ್ಲಿ ನಿಲ್ಲುತ್ತಾರೆ, ಬೇಕಾದವರ ಬೆನ್ನ ಹಿಂದೆ ಜನ ಸಾಲುಗಟ್ಟುತ್ತಾರೆ, ಸಾಲು ಎಣಿಸಿದರೆ ಫಲಿತಾಂಶ. ಕಾಗದವೂ ಬೇಡ, ಬೆರಳಿಗೆ ಶಾಯಿಯೂ ಬೇಡ. ಬೇರೆ ಸಾಲಿನಲ್ಲಿ ನಿಂತವರ ಮುಖವನ್ನು ಗೆದ್ದವರು ಮರೆಯುತ್ತಾರೆಯೇ ಎಂಬುದು ನನ್ನ ಕುಹಕ.

ಮನೆ ಕಟ್ಟುವಾಗ ನೆರೆಯವರು ಬಂದು ಕೈಹಾಕುತ್ತಿದ್ದ ಹಳೆಯ ರೂಢಿಯೇ ಉಮುಗಾಂಡದ ಬೇರು. ನಮ್ಮ ಮುಯ್ಯಾಳಿನ ಹಾಗೆ: ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಬೆಲ್ಜಿಯನ್ನರ ಕಾಲದಲ್ಲಿ ಜನರನ್ನು ಹಿಡಿದು ರಸ್ತೆಗೆ ದುಡಿಸಿದ್ದು ಮಾತ್ರ ಶುದ್ಧ ಬಿಟ್ಟಿ. 1974ರಲ್ಲಿ ಅಧ್ಯಕ್ಷ ಹಬ್ಯಾರಿಮಾನಾ ಸರ್ಕಾರ ಉಮುಗಾಂಡವನ್ನು ವಾರದ ಕಡ್ಡಾಯ ಮಾಡಿತು. 1994ರ ನರಮೇಧದಲ್ಲಿ ಅದೇ ಕಟ್ಟುಪಾಡು ನೆರೆಯವರನ್ನು ನೆರೆಯವರ ಮೇಲೆ ಛೂಬಿಡಲು ಒದಗಿತು. ಕೊಲ್ಲುವುದಕ್ಕೂ ‘ಕೆಲಸ’ ಎಂದೇ ಹೆಸರಿಟ್ಟಿದ್ದರು. ಹಾಗಾಗಿ 1998ರಲ್ಲಿ ಉಮುಗಾಂಡ ಎಂಬ ಪದಕ್ಕೆ ಮತ್ತೆ ಜೀವ ಕೊಟ್ಟದ್ದು ಸಣ್ಣ ಧೈರ್ಯವಲ್ಲ. ಹುಲ್ಲು ಸವರಲು ಜನ ಇವತ್ತಿಗೂ ತರುವುದು ಮಚ್ಚನ್ನೇ.

ಮುಯ್ಯಾಳಿಗೆ ದಂಡವಿರಲಿಲ್ಲ, ಬಿಟ್ಟಿಗೆ ಸಭೆಯಿರಲಿಲ್ಲ. ಇಲ್ಲಿ ಎರಡೂ ಇವೆ. ಹನ್ನೊಂದಕ್ಕೆ ಗುದ್ದಲಿ ಕೆಳಗಿಟ್ಟು ಎಲ್ಲರೂ ಹುಲ್ಲಿನ ಮೇಲೆ ಕೂರುತ್ತಾರೆ. ಆರೋಗ್ಯ ವಿಮೆಯ ಕಂತು, ರಾತ್ರಿ ಗಸ್ತು, ಬೇಲಿಯ ತಕರಾರು, ಸರ್ಕಾರದ ಹೊಸ ಸೂಚನೆ ಒಂದೊಂದಾಗಿ ಬರುತ್ತವೆ. ಮೇಲಿನಿಂದ ಬಂದದ್ದನ್ನು ಕೇಳಿಸಿಕೊಳ್ಳುವುದೇ ಹೆಚ್ಚು ಎಂದು ಟೀಕಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೂ ಎದ್ದು ನಿಂತು ನಮ್ಮ ಓಣಿಯ ನಲ್ಲಿ ಯಾವಾಗ ಎಂದು ಕೇಳಲು ಜಾಗ ಇದೇ. ಅಷ್ಟರಲ್ಲಿ ಕೆಸರು ಮೆತ್ತಿದ ರಬ್ಬರ್ ಬೂಟಿನಲ್ಲೇ ಯಾರೋ ಅಂಗಡಿಯ ಬೀಗ ತೆಗೆಯಲು ಹೊರಟಿರುತ್ತಾರೆ.