ಅಂಕಿತವಿಲ್ಲದ ಬಡಿತ

ಜನಪದ ಸಂಗೀತವನ್ನು ರಾಕ್ ತಂಡವೊಂದು ಎತ್ತಿಕೊಂಡಾಗ ‘ಹಳೆಯದು ಕೆಟ್ಟಿತು’ ಎಂದು ಕೆಲವರೂ, ‘ಹಳೆಯದು ಉಳಿಯಿತು’ ಎಂದು ಕೆಲವರೂ ಹೇಳುವುದುಂಟು. ತೀರ್ಪಿಗೆ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ನನಗೆ ತೋರುತ್ತದೆ. ಎತ್ತಿಕೊಂಡದ್ದು ಏನನ್ನು? ಮಾತನ್ನೋ, ಧಾಟಿಯನ್ನೋ, ಬಡಿತವನ್ನೋ?

ಐರ್ಲೆಂಡಿನ ‘ಹಾರ್ಸ್‌ಲಿಪ್ಸ್’ ತಂಡವು 1973ರಲ್ಲಿ ‘ದಿ ಟಾನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಗೂಳಿಯೊಂದಕ್ಕಾಗಿ ನಡೆದ ಕಾಳಗದ ಪ್ರಾಚೀನ ಗಾಥೆಯೇ ಅದರ ವಸ್ತು. ನಮ್ಮ ವೀರಗಲ್ಲುಗಳ ತುರುಗೋಳಿಗೆ ಅದು ದೂರದ ನಂಟು. ಅದರಲ್ಲಿನ ‘ಡ್ಯಾರಗ್ ಡೂಮ್’ ಗೀತೆಯಲ್ಲಿ ವಿದ್ಯುತ್ ಗಿಟಾರು ನುಡಿಸುವುದು ಓನೀಲನ ಹೆಸರಿನ ಹಳೆಯ ದಂಡಿನ ಧಾಟಿಯನ್ನು. ಅಲ್ಲಿ ಮಾತು ಹೊಸದು, ಧಾಟಿ ಹಳೆಯದು. ಆ ಧಾಟಿಯನ್ನು ಕಟ್ಟಿದವರ ಹೆಸರು ಮಾತ್ರ ಉಳಿದಿಲ್ಲ.

ನಮ್ಮಲ್ಲಿ ರಘು ದೀಕ್ಷಿತರ ತಂಡವು 2008ರ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ, ಹಿಂದಿ ಇಂಗ್ಲಿಷ್ ಹಾಡುಗಳ ನಡುವೆ, ಶಿಶುನಾಳ ಷರೀಫರ ಎರಡು ತತ್ತ್ವಪದಗಳನ್ನು ಇರಿಸಿತು. ಇಲ್ಲಿ ಹಳೆಯದು ಮಾತು. ಷರೀಫರು (1819–1889) ಸೋರುವ ಮಾಳಿಗೆಯಲ್ಲಿ, ಸೇದುವ ಗುಡುಗುಡಿಯಲ್ಲಿ ಅಧ್ಯಾತ್ಮವನ್ನು ಕಂಡವರು. ಗಿಟಾರಿನ ಮೇಲೆ ಏರಿದರೂ ಅವರ ಪದ ಅವರದೇ. ಪದದ ಕೊನೆಯ ಅಂಕಿತವು ಅದನ್ನು ಕಾಯುತ್ತದೆ. ನಮ್ಮ ಕಡೆ ಭಜನೆಯವರು ಹಾಡುವ ಕೈವಾರದ ಯೋಗಿ ನಾರೇಯಣರ ಪದಗಳಿಗೂ ‘ಅಮರನಾರೇಯಣ’ನೆಂಬ ಅಂಕಿತದ ಕಾವಲಿದೆ.

ಆದರೆ ಹುತ್ತೂರಿನ ಸುತ್ತಿನಲ್ಲಿ ಜಾತ್ರೆಗೂ ಸಾವಿಗೂ ಕೇಳಿಸುವ ತಮಟೆಗೆ ಅಂಕಿತವೆಲ್ಲಿ? ಬೆಂಕಿಗೆ ಚರ್ಮವನ್ನು ಕಾಯಿಸಿ, ನಾದ ಬಿಗಿಯಾದ ಮೇಲೆ ಎತ್ತುವ ವಾದ್ಯವದು. ಮೆರವಣಿಗೆಯ ಬಡಿತ ಬೇರೆ, ಮಸಣದ ಹಾದಿಯ ಬಡಿತ ಬೇರೆ. ಹಿರಿಯರ ಕೈ ನೋಡಿ ಕಿರಿಯರ ಕೈ ಕಲಿತದ್ದು. ಆ ಕೈಗಳು ಬಹುಮಟ್ಟಿಗೆ ಊರು ದೂರವಿರಿಸಿದ್ದ ಕೇರಿಗಳವು. 2007ರವರೆಗೆ ಕೋಲಾರಕ್ಕೇ ಸೇರಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ತಮಟೆಯ ಹಿಂದಿನ ಒಂದು ಹೆಸರು ನಾಡಿಗೆ ತಿಳಿಯಿತು. ಉಳಿದವರೆಲ್ಲ ‘ಜಾನಪದ’ ಎಂಬ ಒಂದೇ ಮಾತಿನಲ್ಲಿ ಕರಗಿಹೋಗಿದ್ದಾರೆ.

ಹೊಸ ತಂಡಗಳು ಹಳೆಯದನ್ನು ಮುಟ್ಟಬಾರದೆಂಬುದು ನನ್ನ ಮಾತಲ್ಲ. ಬದಲಾಗುತ್ತ ಬಂದುದರಿಂದಲೇ ಜನಪದವು ಬದುಕಿದೆ. ಆದರೆ ಬಡಿತವನ್ನು ಪಡೆದವರು ಅದನ್ನು ಕಲಿಸಿದವರ ಹೆಸರನ್ನೂ ಊರನ್ನೂ ಧ್ವನಿಮುದ್ರಿಕೆಯ ಮೇಲೆ ಅಚ್ಚುಹಾಕಿಸಲಿ; ಸಂಭಾವನೆಯಲ್ಲಿ ಅವರಿಗೂ ಪಾಲು ಕೊಡಲಿ. ಕವಿಯು ತನ್ನ ಅಂಕಿತವನ್ನು ತಾನೇ ಹಾಕಿಕೊಳ್ಳಬಲ್ಲ. ತಮಟೆಯವನ ಅಂಕಿತವನ್ನು ಪಡೆದವರೇ ಹಾಕಬೇಕು.