ಪಚ್ಚಕರ್ಪೂರದ ಮರದಡಿಯಲ್ಲಿ ಅಮ್ಮ

ಊರಿಗೆ ಮರಳಲು ಅಮ್ಮನಿಗೆ ಇನ್ನು ಐದೇ ದಿನಗಳಿದ್ದವು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟವನ್ನು ಮಾರುವ ವಿಷಯವನ್ನು ಅವಳ ಮುಂದೆ ಎತ್ತಬೇಕಿತ್ತು. ಎರಡು ತಿಂಗಳಿಂದ ನಾಲಗೆ ಏಳಿರಲಿಲ್ಲ. ಹೊರಗೆಲ್ಲಾದರೂ ಸುತ್ತಾಡುವಾಗ ಹೇಳಿದರಾಯಿತೆಂದು, ನಾನು ನೆಲೆಸಿರುವ ನಿಲಾಯ್‌ನಿಂದ ಒಂದು ಭಾನುವಾರ ಬೆಳಗ್ಗೆ ಅವಳನ್ನು ಕೆಪೋಂಗ್‌ನ ಅರಣ್ಯಕ್ಕೆ ಕರೆದೊಯ್ದೆ.

ಕೌಲಾಲಂಪುರದ ಅಂಚಿನಲ್ಲಿರುವ ಈ ಕಾಡು ಮಲೇಷ್ಯಾ ಅರಣ್ಯ ಸಂಶೋಧನಾ ಸಂಸ್ಥೆಯ ಆವರಣ. ಜನ ಕರೆಯುವುದು ‘ಫ್ರಿಮ್’ ಎಂದೇ. ಮೊದಲೇ ಗೊತ್ತುಮಾಡಿದ್ದ ಮಾರ್ಗದರ್ಶಿ ಒಬ್ಬ ಮಲಯ ತರುಣಿ. ಅಮ್ಮನನ್ನು ‘ಮಕ್‌ಚಿಕ್’, ಅಂದರೆ ಚಿಕ್ಕಮ್ಮ ಎಂದು ಕರೆದು, ಕೈಹಿಡಿದು ನಡೆಸಿದಳು.

“ಈ ಮರಗಳನ್ನೆಲ್ಲ ಮನುಷ್ಯರೇ ನೆಟ್ಟದ್ದು” ಎಂದು ಅವಳು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದಾಗ ಅಮ್ಮ ನಂಬಲಿಲ್ಲ. ಆದರೆ ಅದು ನಿಜ. ತವರದ ಗಣಿಗಾರಿಕೆಯಿಂದ ಮೇಲ್ಮಣ್ಣು ಕೊಚ್ಚಿಹೋಗಿ ಬರಡಾಗಿದ್ದ ಈ ನೆಲವನ್ನು 1926ರಲ್ಲಿ ಫಾಕ್ಸ್‌ವರ್ದಿ ಎಂಬ ಅರಣ್ಯತಜ್ಞರು ಆರಿಸಿಕೊಂಡರು. ಅಂದಿನಿಂದ ನೆಟ್ಟು ಬೆಳೆಸಿದ ಸಸಿಗಳು ಇಂದು ಮಳೆಕಾಡಾಗಿವೆ. 2025ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಔಷಧೀಯ ಸಸ್ಯಗಳ ತೋಟದಲ್ಲಿ ‘ಮಿಸಾಯ್ ಕುಚಿಂಗ್’ ಹೂಬಿಟ್ಟಿತ್ತು. ಹೆಸರಿನ ಅರ್ಥ ಬೆಕ್ಕಿನ ಮೀಸೆ. ಬಿಳಿಯ ಹೂವಿನಿಂದ ಉದ್ದನೆಯ ಕೇಸರಗಳು ಮೀಸೆಯಂತೆಯೇ ಚಾಚಿರುತ್ತವೆ. ಮೂತ್ರಪಿಂಡಕ್ಕೆ ಒಳ್ಳೆಯದೆಂದು ಇದರ ಕಷಾಯ ಕುಡಿಯುವ ರೋಗಿಗಳನ್ನು ನಾನು ನೋಡುತ್ತಿರುತ್ತೇನೆ. ಬೈಯುವುದಿಲ್ಲ, ಬೇರೆ ಮಾತ್ರೆಗಳೊಡನೆ ಕುಡಿಯುವ ಮುನ್ನ ತಿಳಿಸಿ ಎನ್ನುತ್ತೇನೆ, ಅಷ್ಟೆ.

ಮುಂದೆ ಕಾಪುರ್ ಮರಗಳ ತೋಪು. ತಲೆಯೆತ್ತಿ ನೋಡಿದರೆ ಒಂದರ ನೆತ್ತಿ ಇನ್ನೊಂದಕ್ಕೆ ತಾಗದೆ, ನಡುವೆ ಆಕಾಶ ಸಣ್ಣ ತೊರೆಗಳಂತೆ ಕಾಣುತ್ತದೆ. ಗಾಳಿಗೆ ತುದಿಗಳು ಉಜ್ಜಿ ಮುರಿಯುವುದರಿಂದಲೋ, ನೆರಳನ್ನರಿತು ಚಿಗುರು ತಾನೇ ನಿಲ್ಲುವುದರಿಂದಲೋ, ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ತರುಣಿ ಒಂದು ಎಲೆಯನ್ನು ಹೊಸಕಿ ಅಮ್ಮನ ಅಂಗೈಯಲ್ಲಿಟ್ಟಳು. ಮೂಸಿದ ಅಮ್ಮನ ಮುಖ ಅರಳಿತು: “ಇದು ಪಚ್ಚಕರ್ಪೂರ ಅಲ್ವೇನೋ!”

ಹೌದು. ದೇವರ ತೀರ್ಥಕ್ಕೆ, ಪಾಯಸಕ್ಕೆ ನಮ್ಮ ಹಿರಿಯರು ಹಾಕುತ್ತಿದ್ದ ಪಚ್ಚಕರ್ಪೂರದ ಮೂಲ ಈ ಮರವೇ. ನಮ್ಮ ಘಟ್ಟದ ಸಾಲುಧೂಪವೂ ಇದೇ ಕುಟುಂಬದ್ದು. ಸಮುದ್ರದಾಚೆಯ ಮರವೊಂದು ನಾನು ಹುಟ್ಟುವ ಮೊದಲೇ ನಮ್ಮ ದೇವರ ಕೋಣೆ ಸೇರಿತ್ತು.

ಮಧ್ಯಾಹ್ನ ಮೋಡ ಕವಿಯಿತು. ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ತೆರೆದು, ತೋಟದ ಮಾತು ಎತ್ತಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು.

“ನೀನು ವಾಪಸ್ ಬರೋದಿಲ್ಲ ಅಂತ ನಂಗೆ ಗೊತ್ತಪ್ಪಾ. ಬಾ ಅಂತ ಹೇಳೋದೂ ಇಲ್ಲ. ಆದ್ರೆ ಸೊಪ್ಪಿನಬೆಟ್ಟ ಅರ್ಧ ಬೋಳಾಗಿದೆ. ಈ ಮಳೆಗಾಲ ಅದಕ್ಕೊಂದಿಷ್ಟು ಸಸಿ ಹಾಕಿಸು. ಮಾರೋದು ಆಮೇಲೆ ನೋಡೋಣ.”

ಇಲ್ಲಿ ಮೊದಲ ಸಸಿಗಳನ್ನು ನೆಟ್ಟವರು ಈ ನೆರಳಿನಲ್ಲಿ ಕೂರಲಿಲ್ಲ. ಅಮ್ಮನೂ ಕೂರಲಾರಳು, ಅದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು.

ವಿದೇಶಕ್ಕೆ ಹೊರಡಲು ಸಿದ್ಧರಾಗಿರುವ ಕಿರಿಯ ವೈದ್ಯರು ಸಂಬಳ, ಪರವಾನಗಿ, ಮನೆ ಬಾಡಿಗೆಗಳ ಬಗ್ಗೆ ನನ್ನನ್ನು ಕೇಳುತ್ತಾರೆ. ಊರಿನ ನೆಲವನ್ನು ಏನು ಮಾಡುವುದೆಂದು ಯಾರೂ ಕೇಳುವುದಿಲ್ಲ. ಹೊರಡುವ ಮುನ್ನವೇ ಮನೆಯವರೊಡನೆ ಕುಳಿತು ಆ ಮಾತನ್ನು ಆಡಿಬಿಡಿ. ನಾನು ತುಂಬ ತಡವಾಗಿ ಆಡಿದೆ.

ಅಮ್ಮ ಊರು ತಲುಪಿದ್ದಾಳೆ. ಜೂನ್‌ಗೆ ನಾನು ರಜೆ ಹಾಕಿದ್ದೇನೆ.