ಚಿಕ್ಕ ಪುರಸಭೆಗಳೂ ಹೊಳೆಯ ನೀರೂ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯವರು 2021ರಲ್ಲಿ ಪ್ರಕಟಿಸಿದ ಲೆಕ್ಕವೊಂದನ್ನು ನಮ್ಮ ಪುರಸಭೆಗಳ ಸದಸ್ಯ ಮಹಾಶಯರು ಅವಶ್ಯವಾಗಿ ಪರಾಂಬರಿಸತಕ್ಕದ್ದು. ಭರತಖಂಡದ ಪಟ್ಟಣಗಳಿಂದ ದಿನವೊಂದಕ್ಕೆ 72,368 ದಶಲಕ್ಷ ಲೀಟರು ಕೊಳಚೆ ನೀರು ಹೊರಡುತ್ತಿತ್ತು. ಅದನ್ನು ಶುದ್ಧಿಮಾಡಲು ಕಟ್ಟಿದ ಯಂತ್ರಾಗಾರಗಳ ಒಟ್ಟು ಶಕ್ತಿ 31,841 ದಶಲಕ್ಷ ಲೀಟರು. ವಾಸ್ತವವಾಗಿ ಶುದ್ಧಿಯಾಗುತ್ತಿದ್ದುದು 20,235 ಮಾತ್ರ. ಯಂತ್ರಾಗಾರಗಳು ಸಾಲವೆಂಬುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದುದು ಕೊನೆಯ ಎರಡು ಅಂಕೆಗಳ ನಡುವಣ ಅಂತರ. ಪ್ರಜೆಗಳ ಹಣದಿಂದ ಕಟ್ಟಿ ಮುಗಿಸಿದುದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಕೆಲಸಕ್ಕೆ ಬಾರದೆ ನಿಂತಿತ್ತೆಂದಾಯಿತು.

ನದೀತೀರದ ಚಿಕ್ಕ ಊರಿನಲ್ಲಿ ಇದರ ಪರಿಣಾಮವೇನೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಊರಿನಲ್ಲಿ 50,000 ಜನರಿದ್ದು, ತಲೆಯೊಂದಕ್ಕೆ ದಿನಕ್ಕೆ 135 ಲೀಟರು ನೀರು ಒದಗಿ, ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ ಸೇರಿದರೆ 54 ಲಕ್ಷ ಲೀಟರು ಕೊಳಚೆಯಾಗುವುದು. ಕೊಳಚೆಯು ನೀರಿನ ಪ್ರಾಣವಾಯುವನ್ನು ಎಷ್ಟು ಹೀರುವುದೆಂಬುದೇ ಅದರ ಕೆಡುಕಿಗೆ ಅಳತೆ. (ರೋಗಾಣುಗಳ ಮಾತು ಬೇರೆಯೇ ಇದೆ.) ಹಸಿ ಕೊಳಚೆಯಲ್ಲಿ ಈ ಅಳತೆಯು ಲೀಟರಿಗೆ ಸುಮಾರು 250 ಮಿಲಿಗ್ರಾಂ, ಸ್ನಾನಘಟ್ಟದ ನೀರಿನಲ್ಲಿ 3ನ್ನು ಮೀರಕೂಡದೆಂಬುದು ಮಂಡಲಿಯ ನಿಯಮ. ಹೊಳೆಯ ನೀರು ಮೊದಲು 1ರಷ್ಟು ನಿರ್ಮಲವಾಗಿದ್ದರೂ, ಹಸಿ ಕೊಳಚೆಯ ಒಂದು ಪಾಲಿಗೆ 123 ಪಾಲಿಗಿಂತ ಹೆಚ್ಚು ನೀರು ಬೆರೆತಲ್ಲದೆ ಈ ನಿಯಮವು ನಿಲ್ಲದು. ಅಂದರೆ ನಿತ್ಯವೂ ಸುಮಾರು 67 ಕೋಟಿ ಲೀಟರು. ಕೊಳಚೆಯನ್ನು 30ರ ಮಟ್ಟಕ್ಕೆ ಇಳಿಸಿ ಬಿಟ್ಟರೆ 7 ಕೋಟಿ ಚಿಲ್ಲರೆ ಸಾಕು. 10ಕ್ಕೆ ಇಳಿಸಿದರೆ 2 ಕೋಟಿಯೊಳಗೆ. ಮಳೆಗಾಲದ ತುಂಬುಹೊಳೆಗೆ 67 ಕೋಟಿಯು ಲೆಕ್ಕಕ್ಕಿಲ್ಲ. ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವ ಹೊಳೆಯು ಅದನ್ನು ಎಲ್ಲಿಂದ ತರಬೇಕು?

ಯಂತ್ರವು ಗಾಳಿಯನ್ನೂದುವುದಷ್ಟೆ, ಕೊಳೆಯನ್ನು ತಿಂದು ಕರಗಿಸುವ ಕೆಲಸವು ಸೂಕ್ಷ್ಮಜೀವಿಗಳದು. ಈ ಕ್ರಮವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಪ್ರಕಟಪಡಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಸಾಹೇಬರು ಅನತಿಕಾಲದಲ್ಲಿಯೇ ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಆದುದರಿಂದ ಈ ವಿದ್ಯೆಯು ನಮಗೆ ದೂರವಾಗಿತ್ತೆಂದು ಹೇಳುವಂತಿಲ್ಲ. ಗಾಳಿಯು ಬಹುಕಾಲ ನಿಂತರೆ ಈ ಜೀವಿಗಳು ಸೊರಗುವುವು. ಹಳೆಯ ಹೂಳನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದೂ ನೀರಿನೊಡನೆ ಹೊಳೆಗೆ ಸಾಗುವುದು. ವಿದ್ಯುತ್ತಿನ ಬಿಲ್ಲು ಬಾಕಿ ಬಿದ್ದಿರುವ, ಕೆಟ್ಟ ಮೋಟಾರಿನ ದುರಸ್ತಿಗೆ ಮಂಜೂರಾತಿಯನ್ನು ತಿಂಗಳುಗಟ್ಟಲೆ ಕಾಯುವ ಊರಿನಲ್ಲಿ, ಯಂತ್ರಾಗಾರವು ಕೊಳಚೆಯನ್ನು ಒಂದು ಸುತ್ತು ಹಾಕಿಸಿ ಹೊಳೆಗೆ ಕಳುಹುವ ದಾರಿಯಷ್ಟೇ ಆಗುವುದು.

ಭೂಮಿಯು ದೊರೆಯುವ ಚಿಕ್ಕ ಊರಿಗೆ ಆಳವಿಲ್ಲದ ಕೊಳಗಳ ಕ್ರಮವೇ ಲೇಸೆಂದು ನಮ್ಮ ಮತ. ಅಲ್ಲಿ ಬಿಸಿಲಿನಲ್ಲಿ ಬೆಳೆಯುವ ಪಾಚಿಯೇ ಪ್ರಾಣವಾಯುವನ್ನು ಒದಗಿಸುವುದು, ಬಿಸಿಲಿಗೆ ಬಿಲ್ಲಿಲ್ಲವಷ್ಟೆ. ಪಾಚಿಯು ನೀರಿನೊಡನೆ ಹೊರಹೋಗುವುದರಿಂದ 10ರ ಮಟ್ಟವನ್ನು ಮುಟ್ಟುವುದು ಕಷ್ಟವೆಂಬುದು ನಿಜ. ಆದಾಗ್ಯೂ ಬೇಸಗೆಯಲ್ಲಿ ಆ ನೀರನ್ನು ಹೊಳೆಗೆ ಬಿಡದೆ ತೋಪುಗಳಿಗೂ ಮೇವಿನ ಹೊಲಗಳಿಗೂ ತಿರುಗಿಸಬಹುದು.

ಜಲಮಾಲಿನ್ಯ ನಿವಾರಣೆಯ ಕಾನೂನು 1974ರಲ್ಲಿಯೇ ಆಯಿತು. 1995ರಲ್ಲಿ ಮೊದಲಾದ ರಾಷ್ಟ್ರೀಯ ನದೀಸಂರಕ್ಷಣಾ ಯೋಜನೆಯಲ್ಲಿ ನಂಜನಗೂಡು, ಶ್ರೀರಂಗಪಟ್ಟಣ, ಹರಿಹರ, ಭದ್ರಾವತಿಗಳಂತಹ ಊರುಗಳೂ ಸೇರಿದುವು. ಕಟ್ಟಡಕ್ಕೆ ಹಣ ದೊರೆಯುವುದು ಒಂದು ಬಾರಿ. ನಡೆಸುವ ವೆಚ್ಚ ನಿತ್ಯದ್ದು. ಪರಸರಕಾರವಿದ್ದಾಗ ಊರ ಕೊಳಕಿಗೂ ಅದನ್ನೇ ದೂರುತ್ತಿದ್ದರು. 1947ರ ತರುವಾಯ ಆ ನೆಪವು ಉಳಿಯಲಿಲ್ಲ. ಸ್ಥಳಿಕ ಸ್ವರಾಜ್ಯವನ್ನು ಕೇಳಿ ಪಡೆದವರು ಬರುವ ಆಯವ್ಯಯ ಪತ್ರದಲ್ಲಿ ವಿದ್ಯುತ್ತು, ದುರಸ್ತಿ, ಹೂಳೆತ್ತುವಿಕೆಗಳಿಗಾಗಿ ಬೇರೆ ಬಾಬ್ತಿಗೆ ತಿರುಗಿಸಲಾಗದ ಮೊಬಲಗನ್ನು ತೆಗೆದಿರಿಸಲಿ. ಶುದ್ಧಿಯಾಗಿ ಹೊರಬಿದ್ದ ನೀರಿನ ಪರೀಕ್ಷೆಯ ಅಂಕೆಗಳನ್ನು ತಿಂಗಳು ತಿಂಗಳೂ ಸ್ನಾನಘಟ್ಟದಲ್ಲಿ ಹಲಗೆಯ ಮೇಲೆ ಬರೆಯಿಸಲಿ. ಅದರ ಪ್ರತಿಯೊಂದು ಹೊಳೆಯ ಕೆಳಗಣ ಊರಿಗೂ ಹೋಗತಕ್ಕದ್ದು. ಅವರು ಕುಡಿಯುವ ನೀರನ್ನೆತ್ತುವುದು ಮೇಲಣ ಊರಿನ ಚರಂಡಿಯು ಕೂಡಿದ ಹೊಳೆಯಿಂದ.